ಕಾಳಿಯ ದಡಕ್ಕೆ ಇದ್ದಿಲಿನ ಕಾವಲು

ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ದಾಂಡೇಲಿಯಲ್ಲಿ ಪ್ರವಾಸಿಗರ ನದಿ. ಕಲ್ಲುಸಂದಿಯಲ್ಲಿ ಸಿಕ್ಕಿಕೊಂಡ ಚಿಪ್ಸ್ ಪೊಟ್ಟಣ ಬಿಸಿಲಿಗೆ ಪುಡಿಯಾಗಿ 5 ಮಿಲಿಮೀಟರಿಗಿಂತ ಸಣ್ಣದಾದರೆ, ಅದೇ ಮೈಕ್ರೋಪ್ಲಾಸ್ಟಿಕ್. ಆಮೇಲೆ ಹೆಕ್ಕಲು ಯಾರ ಕೈಗೂ ಸಿಗದು.

ಇದಕ್ಕೊಂದು ಉಪಾಯ ಬಯೋಚಾರ್. ಹಳಿಯಾಳದ ಕಬ್ಬಿನ ರವದಿ, ಮುಂಡಗೋಡದ ಭತ್ತದ ಹೊಟ್ಟು, ಜೋಯಿಡಾದ ಬಿದಿರಿನ ಚೂರುಗಳನ್ನು ಗಾಳಿಯಾಡದಂತೆ ಸುಟ್ಟರೆ ಈ ಇದ್ದಿಲು ಸಿಗುತ್ತದೆ. ಮರಳಿನ ಜತೆ ಫಿಲ್ಟರಾಗಿ ಹಾಸಿದರೆ ಅದರ ಒರಟು ಮೈ, ಸಣ್ಣ ರಂಧ್ರಗಳು ಪ್ಲಾಸ್ಟಿಕ್ ಕಣಗಳನ್ನು ಹಿಡಿದಿಡುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಮಣ್ಣಿಗೆ ಬೆರೆಸಿದರೆ ಈ ಇದ್ದಿಲು ಕಣಗಳ ಓಡಾಟ ತಗ್ಗಿಸಬಲ್ಲದೇ ಹೊರತು ಅವನ್ನು ಹೊರಹಾಕದು. ರೈತರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ರವದಿಗೆ ಹೊಲದಲ್ಲೇ ಬೆಂಕಿ ಹಚ್ಚುವುದು ನಿಲ್ಲಲಿ, ಅದು ಬಯೋಚಾರ್ ಆಗಲಿ. ದಾಂಡೇಲಿಯ ಒಂದು ಚರಂಡಿ ಕಾಳಿಗೆ ಸೇರುವಲ್ಲಿ ನಗರಸಭೆ ಇಂಥ ಫಿಲ್ಟರ್ ಹಾಕಿ ನೋಡಲಿ. ಬಳಸಿದ ಇದ್ದಿಲು ಮತ್ತೆ ಹೊಲ ಸೇರದಂತೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಲಿ.