ಕೊನೆಯ ಗದ್ದೆಯ ನೀರು

ಯುಗಾದಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪಾಠಶಾಲೆಗಳಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ ಮೊದಲಾಗುತ್ತದೆ. ಒಂದು ಕಡೆ ಪರೀಕ್ಷೆ, ಮತ್ತೊಂದು ಕಡೆ ಅಂಕಪಟ್ಟಿ. ಊರುಗಳಲ್ಲಿ ಹಬ್ಬ ಜಾತ್ರೆಗಳು, ತರಗತಿಗಳಲ್ಲಿ ತೆರವಾದ ಸ್ಥಳಗಳು. ಮೇಲಿನಿಂದ ಸುತ್ತೋಲೆಯ ಮೇಲೆ ಸುತ್ತೋಲೆ. ಏಪ್ರಿಲ್ ತಿಂಗಳಲ್ಲಿ ಶಾಲೆಯ ಬಾಗಿಲು ಮುಚ್ಚುವವರೆಗೆ ಉಪಾಧ್ಯಾಯರು ಹೇಗೋ ದಿನಗಳನ್ನು ದೂಡುತ್ತಾರೆಂದು ಪಟ್ಟಣವಾಸಿಗಳಲ್ಲಿ ಹಲವರು ಆಕ್ಷೇಪಿಸುವುದುಂಟು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ಆ ಬಳಲಿಕೆಯ ಮೂಲವೆಲ್ಲಿದೆಯೆಂದು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಲ್ಲ.

ವಿಶ್ವೇಶ್ವರಯ್ಯ ನಾಲೆಯನ್ನು ನಂಬಿ ಬದುಕುವ ಈ ಸೀಮೆಯ ಜನರಿಗೆ ಒಂದು ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ನಾಲೆಯ ಕೊನೆಯ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತರು ತಮ್ಮ ಗದ್ದೆಗೆ ನೀರು ಮುಟ್ಟಲಿಲ್ಲವೆಂದು ಎಷ್ಟೋ ಬಾರಿ ಮೊರೆಯಿಟ್ಟಿದ್ದಾರೆ. ಆಗ ವಿವೇಕಿಯಾದವನು ಕೊನೆಯ ಗದ್ದೆಯನ್ನು ದೂಷಿಸುವುದಿಲ್ಲ. ಮೇಲೆ ಏರಿ ಒಡೆದಿದೆಯೇ, ಹೂಳು ತುಂಬಿದೆಯೇ ಎಂದು ನೋಡುತ್ತಾನೆ. ಉಪಾಧ್ಯಾಯರ ಉತ್ಸಾಹವೂ ಅಂತಹುದೇ. ಜೂನ್ ತಿಂಗಳಲ್ಲಿ ತುಂಬಿ ಹರಿದದ್ದು ಏಪ್ರಿಲ್ ತಿಂಗಳಿಗೆ ಬತ್ತಿದ್ದರೆ, ಅದು ನಡುದಾರಿಯಲ್ಲಿ ಎಲ್ಲೆಲ್ಲಿ ಸೋರಿತೆಂಬುದೇ ಪ್ರಶ್ನೆ.

ಮೊದಲನೆಯ ಸೋರಿಕೆ ಪಾಠಕ್ಕೆ ಸಂಬಂಧಿಸದ ಕೆಲಸಗಳದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು, ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಇವುಗಳ ಹೊರತು ಬೇರಾವ ಶೈಕ್ಷಣಿಕೇತರ ಕೆಲಸಕ್ಕೂ ಉಪಾಧ್ಯಾಯರನ್ನು ನಿಯೋಜಿಸಕೂಡದೆಂದು ತನ್ನ 27ನೆಯ ಪ್ರಕರಣದಲ್ಲಿ ವಿಧಿಸಿದೆ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕೆಂಬುದೂ ಅದೇ ಕಾಯಿದೆಯ ಮಾತು. ಹೀಗಿದ್ದೂ 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಉಪಾಧ್ಯಾಯರು ಮನೆಮನೆ ತಿರುಗಿದರು; ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಲಂಬಿಸಬೇಕಾಯಿತು. ಸಮೀಕ್ಷೆಯ ಅಗತ್ಯವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಅಕ್ಟೋಬರಿನಲ್ಲಿ ತಪ್ಪಿದ ಪಾಠದ ಭಾರ ಬಂದು ಬೀಳುವುದು ವರ್ಷದ ಕೊನೆಯ ತಿಂಗಳುಗಳ ಮೇಲೆಯೇ ಎಂಬುದನ್ನು ಅಧಿಕಾರಿವರ್ಗದವರು ಮರೆಯಬಾರದು.

ಎರಡನೆಯದು ಅಂಕಿಗಳ ಹಾವಳಿ. 2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮಂಡ್ಯ ಜಿಲ್ಲೆಯು ರಾಜ್ಯಕ್ಕೆ ಎರಡನೆಯದಾಗಿ ಬಂದಿತು. ನೂರಕ್ಕೆ 96ಕ್ಕೂ ಹೆಚ್ಚು ಮಂದಿ ತೇರ್ಗಡೆಯಾದರು. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳ ಕಾವಲು ಬಂದಿತು. ಕೃಪಾಂಕವನ್ನು ಹೆಚ್ಚಿಸಿದರೂ ಇಡೀ ರಾಜ್ಯದ ಫಲಿತಾಂಶವು 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಉಪಾಧ್ಯಾಯರ ಸಾಮರ್ಥ್ಯ ಅಷ್ಟು ಕುಸಿಯಿತೇ? ಇಲ್ಲ, ಅಳತೆಗೋಲು ಬದಲಾಯಿತು. ಕಟ್ಟುನಿಟ್ಟಾದ ಪರೀಕ್ಷೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಮೇಲೇರಿದ ಅಂಕಿಗೆ ಸನ್ಮಾನ, ಕೆಳಗಿಳಿದ ಅಂಕಿಗೆ ನೋಟೀಸು ಎಂಬ ಪದ್ಧತಿಯಿಂದ ಓದುಬಾರದ ಹುಡುಗನು ಮೇಷ್ಟರ ಕಣ್ಣಿಗೆ ಶಿಷ್ಯನಾಗಿ ಕಾಣದೆ ಅಪಾಯವಾಗಿ ಕಾಣುವಂತಾಗುತ್ತದೆ. ಉತ್ಸಾಹವನ್ನು ಕೊಲ್ಲುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಮೂರನೆಯದು ಎಲ್ಲಕ್ಕಿಂತ ಶೋಚನೀಯ. ಖಾಲಿ ಬಿದ್ದ ಹುದ್ದೆಗಳಲ್ಲಿ ದುಡಿಯುವ ಅತಿಥಿ ಉಪಾಧ್ಯಾಯರಿಗೆ ವರ್ಷದ ಕೊನೆಯೆಂದರೆ ಕೆಲಸದ ಕೊನೆ. ಬೇಸಗೆಯ ರಜೆಗೆ ಅವರಿಗೆ ಗೌರವಧನವಿಲ್ಲ. ಶಾಲೆ ತೆರೆದ ಮೇಲೆ ಕರೆ ಬರುವುದೆಂಬ ಭರವಸೆಯಿಲ್ಲ. 2025ರ ಆಯವ್ಯಯದಲ್ಲಿ ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿದ್ದು ಸ್ವಾಗತಾರ್ಹವೇ. ಆದರೆ ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಕೂಡದೆಂದು ಕಾಯಿದೆಯೇ ಹೇಳುವಾಗ, ಅತಿಥಿಯನ್ನು ವರ್ಷವರ್ಷವೂ ಅತಿಥಿಯಾಗಿಯೇ ಇಟ್ಟು, ಮನೆಯವನಂತೆ ದುಡಿಯೆನ್ನುವುದು ಯಾವ ಧರ್ಮ? ಮುಂದಿನ ವರ್ಷದ ನೇಮಕದ ಆಜ್ಞೆಯನ್ನು ಶಾಲೆ ಮುಚ್ಚುವ ಮೊದಲೇ ಅವರ ಕೈಗಿತ್ತರೆ ಬೊಕ್ಕಸಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಅವರ ಮನಸ್ಸಿಗೆ ಸಿಗುವ ನೆಮ್ಮದಿ ಮಾತ್ರ ದೊಡ್ಡದು.

ಇಷ್ಟು ಹೇಳಿದ ಮೇಲೆ ಉಪಾಧ್ಯಾಯ ಮಿತ್ರರಲ್ಲಿಯೂ ಒಂದು ವಿಜ್ಞಾಪನೆಯುಂಟು. ಸರ್ಕಾರವು ತಿದ್ದಿಕೊಳ್ಳುವವರೆಗೆ ಮಕ್ಕಳು ಕಾಯಲಾರರು. ಈ ವರ್ಷ ಐದನೆಯ ತರಗತಿಯಲ್ಲಿರುವ ಹುಡುಗಿಗೆ ಈ ವರ್ಷ ಮತ್ತೆ ಬಾರದು. ಕೊನೆಯ ವಾರಗಳಲ್ಲಿ ಇಡೀ ಪಠ್ಯವನ್ನು ಮತ್ತೊಮ್ಮೆ ಹೊತ್ತು ಬಳಲುವುದಕ್ಕಿಂತ, ಹಿಂದುಳಿದ ನಾಲ್ಕೈದು ಮಕ್ಕಳನ್ನು ಆರಿಸಿಕೊಂಡು, ಒಬ್ಬನಿಗೆ ಕೂಡಿಸುವ ಲೆಕ್ಕ, ಮತ್ತೊಬ್ಬಳಿಗೆ ಒತ್ತಕ್ಷರ ಎಂದು ಗೊತ್ತುಮಾಡಿ ಕಲಿಸಿ ನೋಡಲಿ. ಜೂನ್ ತಿಂಗಳ ಬರಹದ ಪುಸ್ತಕವನ್ನೂ ಮಾರ್ಚ್ ತಿಂಗಳದ್ದನ್ನೂ ಪಕ್ಕಪಕ್ಕದಲ್ಲಿ ತೆರೆದು ನೋಡಲಿ. ತಮ್ಮ ದುಡಿಮೆ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರವು ಅಲ್ಲಿದೆ. ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಕ್ಕಳಿಗೆ ಅದೇ ವರ್ಷ ಇನ್ನೊಂದು ಅವಕಾಶವುಂಟು. ಅಂತಹವರ ಮನೆಗೆ ಒಮ್ಮೆ ಹೋಗಿ ಎರಡು ಮಾತನಾಡಿದರೆ, ಎಷ್ಟೋ ಮಂದಿ ಕಬ್ಬಿನ ಗದ್ದೆಗೂ ಗಾರೆ ಕೆಲಸಕ್ಕೂ ಹೋಗಿ ಕಳೆದುಹೋಗುವುದು ತಪ್ಪೀತು.

ಮಹಾಜನರ ಹೊಣೆಯೂ ಸಣ್ಣದಲ್ಲ. ಶಾಲಾಭಿವೃದ್ಧಿ ಸಮಿತಿಯವರು ಸುಣ್ಣಬಣ್ಣದ ಲೆಕ್ಕಕ್ಕೆ ಮಾತ್ರ ಸೇರುವುದನ್ನು ಬಿಟ್ಟು, ವರ್ಷದ ಕೊನೆಯ ದಿನ ಶಾಲೆಗೆ ಬಂದು, ನಮ್ಮ ಮಗು ಏನು ಕಲಿತಿತೆಂದು ಕೇಳಿ, ಕಲಿಸಿದವರಿಗೆ ಒಂದು ಒಳ್ಳೆಯ ಮಾತನ್ನಾಡಲಿ. ಊರಿನವರ ಆ ಮಾತು ಯಾವ ಪ್ರಶಸ್ತಿಪತ್ರಕ್ಕೂ ಕಡಮೆಯಲ್ಲ.

ಕನ್ನಂಬಾಡಿ ಕಟ್ಟೆಯ ಕಾರ್ಯವನ್ನು ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿಯೇ, 1913ರಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಶಾಸನವನ್ನು ಮಾಡಿತು. ನೀರೂ ಅಕ್ಷರವೂ ಒಂದೇ ಆಡಳಿತದ ಚಿಂತೆಯಾಗಿದ್ದುವು. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿರ್ಬಂಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನೇರಿಸಿದ ಜನರು ಈ ಸೀಮೆಯವರು. ಅವರು ಬಯಸಿದ ಸ್ವರಾಜ್ಯವು ನಿಲ್ಲಬೇಕಾದದ್ದು ಓದಬಲ್ಲ, ವಿಚಾರಿಸಬಲ್ಲ ಪ್ರಜೆಗಳ ಮೇಲೆ. ಅಂತಹ ಪ್ರಜೆಗಳನ್ನು ಬೆಳೆಸುವವರ ಗದ್ದೆಗೆ ಏಪ್ರಿಲ್ ತಿಂಗಳಲ್ಲಿಯೂ ನೀರು ಮುಟ್ಟುವಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ನಮ್ಮೆಲ್ಲರ ಕರ್ತವ್ಯ. ವಿದ್ಯಾ ಇಲಾಖೆಯವರು ಮುಂದಿನ ಸುತ್ತೋಲೆಗೆ ರುಜು ಹಾಕುವ ಮುನ್ನ ಇದನ್ನು ಪರ್ಯಾಲೋಚಿಸುವರೆಂದು ನಂಬಿದ್ದೇವೆ.