ಬಜೆಟ್ಟಿನ ಆಚೆಗಿನ ಸಾಲ

ಕಳೆದ ಹಿಂಗಾರಿನಲ್ಲಿ ಲಿಂಬೆ ತೋಟಗಳನ್ನು ನೋಡಲೆಂದು ಇಂಡಿಗೆ ಹೋಗಿದ್ದೆ. ಹಿಂದಿರುಗುವಾಗ ಆಲಮೇಲದ ಮಾರ್ಗವಾಗಿ ಸಿಂದಗಿಗೆ ಬಂದೆ. ಕಾಡು, ಕಣಿವೆ, ಅಡಿಕೆ ತೋಟಗಳ ನಡುವೆ ಬೆಳೆದ ಕಣ್ಣಿಗೆ ಆ ಎರೆಭೂಮಿ ಬೇರೆಯೇ ಲೋಕ. ದಿಗಂತದವರೆಗೆ ಬಿಳಿಜೋಳ, ಕಡಲೆ. ನಡುವೆ ಅಲ್ಲಲ್ಲಿ ಕಬ್ಬಿನ ಹಸಿರು. ದಾರಿಯಲ್ಲಿ ಒಂದು ವಿತರಣಾ ಕಾಲುವೆಯ ದಂಡೆಯ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರನ್ನು ಮಾತನಾಡಿಸಿದೆ. ಕಾಲುವೆಯೊಳಗೆ ಜಾಲಿಗಿಡ ಬೆಳೆದಿತ್ತು.

"ಕಾಲುವಿ ಆಗಿ ಎಷ್ಟೋ ವರ್ಷ ಆತ್ರಿ ಸರ. ಹೊಲಗಾಲುವಿ ಮಾಡ್ಲೇ ಇಲ್ಲ. ಬಿಲ್ ಆಗಿಲ್ಲಂತ ಗುತ್ತಿಗೆದಾರ ಬಿಟ್ಟು ಹೋದ. ಸರಕಾರದಾಗ ರೊಕ್ಕಿಲ್ಲಂತಾರ. ಹಂಗಾದ್ರ ಇದಕ್ಕಂತ ಮಾಡಿದ ಸಾಲ ಯಾರ ತಲಿ ಮ್ಯಾಲ ಐತ್ರಿ?"

ಉತ್ತರ ನನಗೆ ತಕ್ಷಣ ಹೊಳೆಯಲಿಲ್ಲ. ಊರಿಗೆ ಬಂದು ಬಜೆಟ್ ಪುಸ್ತಕಗಳನ್ನು ತಿರುವಿಹಾಕಿದ ಮೇಲೆ, ಆ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗದಂತೆಯೇ ನಮ್ಮ ವ್ಯವಸ್ಥೆ ರೂಪುಗೊಂಡಿದೆ ಎಂದು ತಿಳಿಯಿತು. ಆಲಮೇಲದ ಕಾಲುವೆಗೂ ನಮ್ಮ ಘಟ್ಟದ ಹಳ್ಳಗಳಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನೀರಿನ ಸಂಬಂಧವಿಲ್ಲದಿರಬಹುದು, ಲೆಕ್ಕದ ಸಂಬಂಧವಿದೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರ ಮೇ 22ರಂದು. ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ನಡುವೆ ನಲವತ್ತೆರಡು ವರ್ಷ. ಮೊದಲ ಮೂರು ದಶಕ ಹಣವಿಲ್ಲದೆ ಕೆಲಸ ಕುಂಟಿತು. ಬಚಾವತ್ ನ್ಯಾಯಮಂಡಳಿಯ ತೀರ್ಪನ್ನು 2000ದ ಮೇ 31ರ ನಂತರ ಮರುಪರಿಶೀಲಿಸಲು ಅವಕಾಶವಿತ್ತು. ಅಷ್ಟರೊಳಗೆ ಪಾಲಿನ ನೀರನ್ನು ಬಳಸಿಕೊಳ್ಳದಿದ್ದರೆ ಹಕ್ಕು ಕೈತಪ್ಪೀತೆಂಬ ಆತಂಕ ರಾಜ್ಯವನ್ನು ಕಾಡಿತು. ಹಾಗಾಗಿ 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಸರ್ಕಾರ ಖಾತರಿ ನಿಂತಿತು, ನಿಗಮ ಬಾಂಡುಗಳನ್ನು ಮಾರಿ ಸಾಲ ಎತ್ತಿತು. ಅಂದಿನ ತುರ್ತನ್ನು ನಾನು ಅಲ್ಲಗಳೆಯಲಾರೆ. ಆ ಸಾಲವಿಲ್ಲದಿದ್ದರೆ ಆಲಮಟ್ಟಿ ಇಂದಿಗೂ ಅರೆಬರೆ ಗೋಡೆಯಾಗಿ ನಿಂತಿರುತ್ತಿತ್ತೇನೋ.

ಆದರೆ ಆಪದ್ಧರ್ಮ ನಿತ್ಯಧರ್ಮವಾಯಿತು. 1998ರಲ್ಲಿ ಕರ್ನಾಟಕ ನೀರಾವರಿ ನಿಗಮ, 2003ರಲ್ಲಿ ಕಾವೇರಿ ನೀರಾವರಿ ನಿಗಮ, ಅನಂತರ ವಿಶ್ವೇಶ್ವರಯ್ಯ ಜಲ ನಿಗಮ ಬಂದವು. ಈ ನಿಗಮಗಳಿಗೆ ಸ್ವಂತ ಆದಾಯವೆಂಬುದು ಹೆಸರಿಗಷ್ಟೇ. ರೈತರಿಂದ ಬರುವ ನೀರಿನ ಕರದಿಂದ ಬಡ್ಡಿಯೂ ತೀರದು. ತೀರಿಸುವುದು ರಾಜ್ಯದ ಬೊಕ್ಕಸವೇ, ಸಾಲ ಮಾತ್ರ ನಿಗಮದ ಹೆಸರಿನಲ್ಲಿ. ನಮ್ಮೂರಿನಲ್ಲಿಯೂ ಇದನ್ನು ಬಲ್ಲವರಿದ್ದಾರೆ: ಸೊಸೈಟಿಯಲ್ಲಿ ತನ್ನ ಮಿತಿ ಮುಗಿದಾಗ ಅಳಿಯನ ಹೆಸರಿನಲ್ಲಿ ಸಾಲ ತೆಗೆದು, ತನ್ನ ಖಾತೆಯ ಪುಟ ಶುಭ್ರವಾಗಿದೆ ಎಂದು ತೋರಿಸುವ ಯಜಮಾನರು. ಕಂತು ಕಟ್ಟುವುದು ಅದೇ ಅಡಿಕೆಯಿಂದ.

ಇದನ್ನು ತಡೆಯಲು ಕಾನೂನುಗಳು ಇಲ್ಲವೆಂದಲ್ಲ. ಸಂವಿಧಾನದ 293ನೇ ವಿಧಿ ರಾಜ್ಯದ ಸಾಲಕ್ಕೂ ಖಾತರಿಗೂ ವಿಧಾನಮಂಡಲ ಮಿತಿ ಹಾಕಬಹುದೆನ್ನುತ್ತದೆ. 1999ರಲ್ಲಿ ಖಾತರಿಗಳ ಮೇಲೆ ಮಿತಿ ವಿಧಿಸುವ ಕಾಯ್ದೆ ಬಂತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ಇತರ ರಾಜ್ಯಗಳಿಗಿಂತ ಮೊದಲು ಮಾಡಿದ ಹಿರಿಮೆ ಕರ್ನಾಟಕದ್ದು. ಬೊಕ್ಕಸದಿಂದ ತೀರಿಸಬೇಕಾದ ನಿಗಮಗಳ ಸಾಲವನ್ನೂ ರಾಜ್ಯದ ಹೊಣೆಯೊಳಗೆ ಎಣಿಸಬೇಕೆಂದು 2014ರಲ್ಲಿ ತಿದ್ದುಪಡಿಯಾಯಿತು. ಅಂಥ ಸಾಲವನ್ನು ರಾಜ್ಯದ ಸಾಲದ ಮಿತಿಯಲ್ಲಿಯೇ ಲೆಕ್ಕ ಹಿಡಿಯುವುದಾಗಿ 2022ರಲ್ಲಿ ಕೇಂದ್ರವೂ ತಿಳಿಸಿತು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಒಟ್ಟು ಮೊತ್ತ ಈಗ ಕಾಣುತ್ತದೆ: 2025-26ರ ಬಜೆಟ್ಟಿನ ಅಂದಾಜಿನಂತೆ ಆ ವರ್ಷದ ಕೊನೆಗೆ ರಾಜ್ಯದ ಹೊಣೆ 7,64,655 ಕೋಟಿ ರೂಪಾಯಿ, ಅಂದರೆ ರಾಜ್ಯದ ಒಟ್ಟು ಉತ್ಪನ್ನದ ಶೇಕಡಾ 24.91. ಕಾಯ್ದೆಯ ಮಿತಿ ಶೇಕಡಾ 25. ತಟ್ಟೆಯ ಅಂಚಿನವರೆಗೆ ತುಂಬಿದ ಸಾರು. ಒಂದು ಹನಿ ಹೆಚ್ಚಾದರೆ ಚೆಲ್ಲುತ್ತದೆ. ಸುಮಾರು ಏಳು ಕೋಟಿ ಜನರಿಗೆ ಹಂಚಿದರೆ ತಲೆಗೆ ಒಂದು ಲಕ್ಷಕ್ಕೂ ಮಿಕ್ಕುತ್ತದೆ.

ಕಾಣದಿರುವುದು ಬೇರೆಯೇ ಇದೆ. ಯಾವ ಕಾಮಗಾರಿಗೆ ಎಷ್ಟು ಸಾಲ, ಎಷ್ಟು ಖರ್ಚು, ಇನ್ನೆಷ್ಟು ಬಾಕಿ ಎಂಬುದನ್ನು ಹಳ್ಳಿಯ ಮನುಷ್ಯ ಓದಿ ತಿಳಿಯುವಂತೆ ಒಂದೆಡೆ ಬರೆದಿಡುವ ಪದ್ಧತಿ ನಮ್ಮಲ್ಲಿಲ್ಲ. ಆಲಮೇಲದ ಆ ರೈತರು ಕೇಳಿದ್ದು ಇದನ್ನೇ.

ಎತ್ತಿನಹೊಳೆಯನ್ನೇ ತೆಗೆದುಕೊಳ್ಳಿ. ಸಕಲೇಶಪುರದ ನಮ್ಮ ನೆರೆಯವರು ಇದನ್ನು ಕಣ್ಣಾರೆ ಕಂಡವರು. 2012ರಲ್ಲಿ ಅಂದಾಜು 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಹನ್ನೊಂದು ವರ್ಷದಲ್ಲಿ ಸುಮಾರು ಮೂರು ಪಟ್ಟು. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6ರಂದು. ಸಿಗುವುದು 24 ಟಿಎಂಸಿ ನೀರೆಂದು ಯೋಜನೆ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನ 9.55 ಟಿಎಂಸಿ ಎಂದಿತು. ನಾವು ಈ ಪುಟಗಳಲ್ಲಿ ಕಾಡಿನ ಪ್ರಶ್ನೆ ಎತ್ತಿದೆವು, ಮೀನಿನ ಪ್ರಶ್ನೆ ಎತ್ತಿದೆವು, ಭೂಕುಸಿತದ ಪ್ರಶ್ನೆ ಎತ್ತಿದೆವು. ಹಣದ ಪ್ರಶ್ನೆಯನ್ನು ಮಾತ್ರ ಲೆಕ್ಕಿಗರಿಗೆ ಬಿಟ್ಟೆವು. ಅದು ನಮ್ಮ ತಪ್ಪು. ಅಂದಾಜು ಏರಿದಾಗಲೆಲ್ಲ ಸದನದಲ್ಲಿ ಲಾಭ-ನಷ್ಟದ ಮರುಲೆಕ್ಕವಾಗಬೇಕೆಂಬ ಕಡ್ಡಾಯವಿದ್ದಿದ್ದರೆ, ನೀರಿನ ಪ್ರಮಾಣದ ವಾದವೂ ಅಲ್ಲಿಯೇ ಇತ್ಯರ್ಥಕ್ಕೆ ಬರುತ್ತಿತ್ತು.

ಕೃಷ್ಣಾ ಮೂರನೇ ಹಂತದ್ದೂ ಇದೇ ಹಾದಿ. ಆಲಮಟ್ಟಿಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಲು ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ತೀರ್ಪಿನ ಅಧಿಸೂಚನೆ ಇನ್ನೂ ಹೊರಡದಿದ್ದ 2025ರ ಸೆಪ್ಟೆಂಬರಿನಲ್ಲಿ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಪರಿಹಾರವೆಂದು ಸಚಿವ ಸಂಪುಟ ನಿರ್ಧರಿಸಿತು. ಮುಳುಗುವ ಭೂಮಿ 75,563 ಎಕರೆ. ಒಣಭೂಮಿಯ ದರದಲ್ಲಿ ಲೆಕ್ಕ ಹಾಕಿದರೂ ಇಪ್ಪತ್ತೆರಡು ಸಾವಿರ ಕೋಟಿ ದಾಟುತ್ತದೆ. ಮನೆ-ಮಠ ಕಳೆದುಕೊಳ್ಳುವವರಿಗೆ ಅಷ್ಟು ಸಿಗಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಚಿನವರೆಗೆ ತುಂಬಿದ ತಟ್ಟೆಗೆ ಇದನ್ನು ಎಲ್ಲಿಂದ ಬಡಿಸುತ್ತಾರೆ? ಹಣ ತುಂಡಾದಾಗ ಮೊದಲು ಕತ್ತರಿ ಬೀಳುವುದು ಉದ್ಘಾಟನೆಗೆ ಒದಗದ ಕೆಲಸಗಳಿಗೆ. ಹೊಲಗಾಲುವೆ, ಬಸಿಗಾಲುವೆ, ದುರಸ್ತಿ. ಮಣ್ಣಿನ ವಿಷಯ ಓದಿದವನಾಗಿ ಇದನ್ನು ಒತ್ತಿ ಹೇಳಬೇಕು: ಎರೆಮಣ್ಣಿಗೆ ನೀರು ಕೊಟ್ಟು ಬಸಿಯಲು ದಾರಿ ಕೊಡದಿದ್ದರೆ ಉಪ್ಪು ಮೇಲೇರುತ್ತದೆ. ಕೃಷ್ಣಾ ಅಚ್ಚುಕಟ್ಟಿನಲ್ಲಿ ಜೌಗು-ಸವುಳಾದ ಹೊಲಗಳು ಕಾಣಸಿಗುತ್ತವೆ. ಒಂದೇ ಯೋಜನೆಯಲ್ಲಿ ಮೇಲಿನವನ ಹೊಲ ಸವುಳು, ಕೊನೆಯವನ ಹೊಲ ಒಣಗಲು.

ಕಟ್ಟಡಗಳ ಕತೆ ಸಣ್ಣದು, ಆದರೆ ಅದೇ ಜಾತಿಯದು. ನಾನು ಹಿಂದೆ ಕೆಲಸ ಮಾಡಿದ ಒಂದು ಕೇಂದ್ರದಲ್ಲಿ ಮಣ್ಣು ಪರೀಕ್ಷೆಗೆಂದು ಕಟ್ಟಡ ಎದ್ದಿತು. ಎರಡನೇ ಮಳೆಗಾಲಕ್ಕೆ ತಾರಸಿ ಸೋರಿತು. ಕಟ್ಟಿಸಿದವರೇ ಅಳತೆ ಬರೆದವರು, ಅಳತೆ ಬರೆದವರ ಮೇಲಧಿಕಾರಿಯೇ ಗುಣಮಟ್ಟಕ್ಕೆ ಸಹಿ ಹಾಕಿದವರು. ಉಪಕರಣಕ್ಕೆ ಹಣ ಬರಲೇ ಇಲ್ಲ. ಅಲ್ಲಿ ಬಹುಕಾಲ ಗೊಬ್ಬರದ ಚೀಲಗಳಿದ್ದವು. ಗುತ್ತಿಗೆಯಲ್ಲಿ ಪಾರದರ್ಶಕತೆಗೆಂದು 1999ರ ಕಾಯ್ದೆಯಿದೆ, ಅದರಲ್ಲಿ 4(ಜಿ) ಎಂಬ ವಿನಾಯಿತಿಯ ಕಿಂಡಿಯೂ ಇದೆ. ಶೇಕಡಾ ನಲವತ್ತರ ಕಮಿಷನ್ನಿನ ಆರೋಪ ಹೊತ್ತು ಗುತ್ತಿಗೆದಾರರ ಸಂಘವೇ 2021ರಲ್ಲಿ ಪ್ರಧಾನಿಗೆ ಪತ್ರ ಬರೆಯಿತು. 2023ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ನೇಮಕವಾಗಿ 2025ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಮಹಾಲೇಖಪಾಲರ ವರದಿಗಳು ಬರುತ್ತವೆ, ಆದರೆ ಕೆಲಸ ಕೆಟ್ಟ ಎಷ್ಟೋ ವರ್ಷದ ಮೇಲೆ.

2005ರ ಉದ್ಯೋಗ ಖಾತರಿ ಕಾಯ್ದೆಯೊಂದಿಗೆ ಸಾಮಾಜಿಕ ಪರಿಶೋಧನೆ ನಮ್ಮ ಹಳ್ಳಿಗಳಿಗೆ ಬಂತು. ಒಂದು ಕೃಷಿಹೊಂಡದ ಕೂಲಿಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಹೊಂಡ ಇದೆಯೋ ಇಲ್ಲವೋ ಎಂದು ಜನರನ್ನೇ ಕೇಳಿದರು. ಲಕ್ಷ ರೂಪಾಯಿಯ ಹೊಂಡಕ್ಕೆ ಇದ್ದ ಈ ವಿಚಾರಣೆ ಸಾವಿರ ಕೋಟಿಯ ಕಾಲುವೆಗೆ ಏಕೆ ಬೇಡ? ನಿಗಮದ ಪ್ರತಿ ಕಾಮಗಾರಿಯ ಮೂಲ ಅಂದಾಜು, ಸಾಲದ ಮೂಲ, ಆದ ಖರ್ಚು, ಬಾಕಿ ಬಿಲ್ಲು ಬಜೆಟ್ ಪುಸ್ತಕದೊಡನೆ ಸದನದ ಮುಂದೆ ಬರಬೇಕು. ಅಂದಾಜು ಕಾಲುಭಾಗ ಏರಿದೊಡನೆ ಮತ್ತೆ ಸದನದ ಒಪ್ಪಿಗೆ ಬೇಕು. ಹಳೆಯ ಕೆಲಸಗಳ ಬಾಕಿ ಇಲಾಖೆಯ ಮೂರು ವರ್ಷದ ಅನುದಾನವನ್ನು ಮೀರಿದ್ದರೆ ಹೊಸ ಅಡಿಗಲ್ಲು ಕೂಡದು. ಇದು ಶಾಸಕರಿಗೆ ರುಚಿಸದು, ಯಾವ ಪಕ್ಷದವರಿಗೂ. ಗುಣಮಟ್ಟದ ತಪಾಸಣೆ ಕಟ್ಟಿಸುವ ಇಲಾಖೆಯ ಕೈಯಿಂದ ಹೊರಬಂದು, ಅದರ ವರದಿ ಆ ಊರಿನ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು 2005ರ ಮಾಹಿತಿ ಹಕ್ಕು. ನಿಗಮಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕಾಲೇಜಿನ ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ಒಂದೊಂದು ಅರೆಬರೆ ಕಾಮಗಾರಿಯನ್ನು ಆರಿಸಿ ಅರ್ಜಿ ಹಾಕಲಿ: ಅಂದಾಜು ಎಷ್ಟಿತ್ತು, ಎಷ್ಟಾಯಿತು, ಹಣ ಯಾವ ಸಾಲದ್ದು, ಬಡ್ಡಿ ಎಷ್ಟು, ಬಾಕಿ ಯಾರಿಗೆ. ಬಂದ ಉತ್ತರಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಆಲಮೇಲದ ಆ ವಿತರಣಾ ಕಾಲುವೆಯ ಬಗೆಗಿನ ಅರ್ಜಿಯನ್ನು ನಾನು ಈ ವಾರ ಅಂಚೆಗೆ ಹಾಕಿದ್ದೇನೆ.