ಕೆರೆಯಲ್ಲಿ ನೋಡುವುದೇನಿದೆ?

ಈಚೆಗೆ ನಮ್ಮ ನಗರದ ಮಧ್ಯಮವರ್ಗದವರು ಒಂದು ಹೊಸ ವ್ರತ ಹಿಡಿದಿದ್ದಾರೆ. ಅದಕ್ಕೆ ಪಂಚಾಂಗ ನೋಡಬೇಕಾಗಿಲ್ಲ. ಶನಿವಾರ, ಭಾನುವಾರಗಳೇ ಅದರ ತಿಥಿ. ಕಾರಿನ ಹೊಟ್ಟೆಗೆ ಪೆಟ್ರೋಲನ್ನೂ ತಮ್ಮ ಹೊಟ್ಟೆಗೆ ಬನ್ಸು, ಕಾಫಿಗಳನ್ನೂ ತುಂಬಿಸಿಕೊಂಡು ನಾಲ್ಕಾರು ಮಂದಿ ಗೆಳೆಯರು ಹೊರಡುತ್ತಾರೆ. ಎಲ್ಲಿಗೆಂದರೆ, ನೀರು ಇರುವಲ್ಲಿಗೆ. ಕೆರೆಯೋ, ಅಬ್ಬಿಯೋ, ಕಡಲೋ, ಯಾವುದಾದರೂ ಸರಿ. ಹಿಂದುಗಡೆ ನೀರು ಮಿನುಗಬೇಕು, ಮುಂದುಗಡೆ ತಾವು ನಗುತ್ತಿರಬೇಕು. ಈ ವ್ರತವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ವಾರವಿಡೀ ದುಡಿದವನ ಕಣ್ಣಿಗೆ ಒಂದಿಷ್ಟು ಹಸುರು, ಒಂದಿಷ್ಟು ತಂಪು ಬೇಕೆನಿಸುವುದು ಸಹಜ. ಆದರೆ ನಾವು ಕೆರೆಯನ್ನು ನೋಡುವ ಈಗಿನ ರೀತಿಯಿದೆಯಲ್ಲ, ಅದು ಕೆರೆಯನ್ನು ಕೊಲ್ಲುವವರ ಕೈಗೆ ಬಲ ಕೊಡುತ್ತಿದೆ ಎಂಬುದು ನನ್ನ ಆರೋಪ. ಆರೋಪ ಕಟುವಾದುದು, ಆದುದರಿಂದ ಕಾರಣ ಹೇಳುವ ಹೊಣೆಯೂ ನನ್ನದೇ.

ಕಳೆದ ಮಳೆಗಾಲ ಮುಗಿದ ಮೇಲೆ ಮೂವರು ಗೆಳೆಯರೊಡನೆ ನಾನೂ ಇಂಥದೊಂದು ಸಂಚಾರ ಹೊರಟೆ. ಉಡುಪಿಯಿಂದ ಮಣಿಪಾಲ, ಅಲ್ಲಿಂದ ಕಾರ್ಕಳ, ಮರುದಿನ ವರಂಗ, ಹಿಂದಿರುಗುವಾಗ ಕಾಪುವಿನ ಕಡಲು: ಇದು ಎರಡು ದಿನದ ಕಾರ್ಯಕ್ರಮ. ಮೊದಲು ಇಳಿದದ್ದು ಮಣಿಪಾಲದ ಮಣ್ಣಪಳ್ಳದ ದಂಡೆಯಲ್ಲಿ. ಬೆಳಗಿನ ಹೊತ್ತು, ಸುತ್ತಲ ದಾರಿಯಲ್ಲಿ ಜನ ಬಿರುಸಾಗಿ ನಡೆಯುತ್ತಿದ್ದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಗೆಳೆಯರು ನೀರಿನ ಮೇಲೆ ಒಂದು ಸಲ ಕಣ್ಣಾಡಿಸಿ, "ಎಂಥ ಮಾಷ್ಟ್ರೆ, ಇಲ್ಲಿ ಎಂಥದು ನೋಡ್ಲಿಕ್ಕುಂಟು?" ಎಂದರು. ಹತ್ತು ನಿಮಿಷದೊಳಗೆ ನಾವು ಮತ್ತೆ ಕಾರಿನಲ್ಲಿದ್ದೆವು.

ಗೆಳೆಯರು ಸಜ್ಜನರು. ಆ ಪ್ರಶ್ನೆಯೂ ಅವರೊಬ್ಬರದಲ್ಲ. ನಮ್ಮ ವರ್ಗದವರೆಲ್ಲರ ಪ್ರಶ್ನೆ. ಆದರೆ ಅದನ್ನು ಕೇಳಿದ ಸ್ಥಳ ಯಾವುದೆಂಬುದನ್ನು ಗಮನಿಸಿ. ತುಳುವಿನಲ್ಲಿ 'ಪಳ್ಳ' ಎಂದರೆ ಕೆರೆ. ಮಣ್ಣಿನ ಪಳ್ಳವೇ ಮಣ್ಣಪಳ್ಳವಾಗಿ, ಅದೇ ಸವೆದು ತಿರುಚಿ ಮಣಿಪಾಲವಾಯಿತೆಂದು ಆ ಊರಿನ ಹೆಸರಿಗೆ ಕಾರಣ ಹೇಳುತ್ತಾರೆ. ಡಾ. ಟಿ.ಎಂ.ಎ. ಪೈಗಳು ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಅಲ್ಲಿ ಸ್ಥಾಪಿಸಿದರು. ಮುರಕಲ್ಲಿನ ಗುಡ್ಡ ವಿದ್ಯಾನಗರವಾಯಿತು. ಊರಿನ ಹೆಸರು ದೇಶವಿದೇಶಗಳಲ್ಲಿ ಹಬ್ಬಿತು. ಹಬ್ಬಿದ ಆ ಹೆಸರೊಳಗೆ ಕುಳಿತಿರುವುದು ಒಂದು ಕೆರೆ. ಅದರ ದಂಡೆಯಲ್ಲೇ ನಿಂತು ಇಲ್ಲಿ ನೋಡುವಂಥದೇನಿದೆಯೆಂದು ಕೇಳುವುದು, ಮನೆಯ ಯಜಮಾನನನ್ನೇ ಎದುರಿಗಿಟ್ಟುಕೊಂಡು ಈ ಮನೆ ಯಾರದೆಂದು ಕೇಳಿದ ಹಾಗೆ.

ಕಾರ್ಕಳದಲ್ಲೂ ಇದೇ ಕಥೆ. ಅಲ್ಲಿಗೆ ಹೋದವರು ಗೊಮ್ಮಟನ ಬೆಟ್ಟವನ್ನು ಹತ್ತದೆ ಬರುವುದಿಲ್ಲ, ಬರಲೂ ಬಾರದು. ನಲವತ್ತೆರಡು ಅಡಿಯ ಆ ಏಕಶಿಲಾ ಮೂರ್ತಿಯನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು ೧೪೩೨ರಲ್ಲಿ. ಚತುರ್ಮುಖ ಬಸದಿ ಎದ್ದದ್ದು ೧೫೮೬ರಲ್ಲಿ. ಪಾಂಡ್ಯದೇವನೆಂಬ ಅರಸ ಆನೆಕೆರೆಯನ್ನು ಕಟ್ಟಿಸಿದ್ದು ಎಂದು? ಊರಿನ ಇತಿಹಾಸ ಹೇಳುವಂತೆ ೧೨೬೨ರಲ್ಲಿ. ಎಂದರೆ ಕೆರೆ ಗೊಮ್ಮಟನಿಗಿಂತ ನೂರ ಎಪ್ಪತ್ತು ವರ್ಷ ಹಿರಿಯದು. ಆ ಅರಸೊತ್ತಿಗೆಯಲ್ಲಿ ನೀರು ಮೊದಲು ಬಂತು, ದೇವರು ಆಮೇಲೆ ಬಂದ. ಬಾಯಾರಿದ ಊರಿಗೆ ವೈರಾಗ್ಯಮೂರ್ತಿಯ ಉಪದೇಶ ಹಿಡಿಸುವುದಿಲ್ಲವೆಂದು ಅವರಿಗೆ ತಿಳಿದಿತ್ತೋ ಏನೋ! ನಾವಾದರೋ ಬೆಟ್ಟದ ಮೇಲೆ ಒಂದು ಗಂಟೆ ಕಳೆದು, ಆನೆಕೆರೆಯನ್ನೂ ರಾಮಸಮುದ್ರವನ್ನೂ ಕಾರಿನ ಕಿಟಕಿಯಿಂದಲೇ ಮುಗಿಸುವವರಿದ್ದೆವು. ನಾನು ಹಟಹಿಡಿದು ಆನೆಕೆರೆಯ ಬಳಿ ಇಳಿಸಿದೆ.

ದಂಡೆಯ ಮೇಲೆ ಒಬ್ಬ ಹಿರಿಯರು ಹಸುವಿನ ಹಗ್ಗ ಹಿಡಿದು ನಿಂತಿದ್ದರು. "ಕೆರೆ ತುಂಬಾ ಚೆನ್ನಾಗಿದೆಯಲ್ಲ ಅಜ್ಜ?" ಎಂದು ನಮ್ಮವರೊಬ್ಬರು ಮಾತು ತೆಗೆದರು. ಆತ, "ಚಂದವೋ ಇಲ್ಲವೋ ನಂಗೆ ಗೊತ್ತಿಲ್ಲ ಮಾರಾಯ್ರೆ. ಇದ್ರಲ್ಲಿ ನೀರುಂಟಾದ್ರೆ ನಮ್ಮ ಬಾವಿಗೆ ಗಿಡ್ಡ ಬಳ್ಳಿ ಸಾಕು" ಎಂದರು. ಕೆರೆಯ ವಿಚಾರದಲ್ಲಿ ನಾನು ಕೇಳಿರುವ ಮಾತುಗಳಲ್ಲಿ ಇಷ್ಟು ಅರ್ಥವತ್ತಾದ ಮಾತು ಇನ್ನೊಂದಿಲ್ಲ. ಗೆಳೆಯರ ಅಳತೆಗೋಲು ಕಣ್ಣು. ಅಜ್ಜನ ಅಳತೆಗೋಲು ಬಾವಿಯ ಹಗ್ಗ. ಎರಡರಲ್ಲಿ ಯಾವುದು ಕೆರೆಯನ್ನು ಉಳಿಸೀತು?

ಈ ಪ್ರಶ್ನೆಗೆ ಉತ್ತರ ನಮ್ಮ ಕರಾವಳಿಯ ನೆಲದಲ್ಲೇ ಇದೆ. ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುತ್ತದೆ. ಬೆಂಗಳೂರಿಗೆ ಬೀಳುವುದರ ನಾಲ್ಕು ಪಟ್ಟು. ಆದರೆ ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಘಟ್ಟದ ಬುಡಕ್ಕೂ ಕಡಲಿಗೂ ದೂರ ಹೆಚ್ಚಿಲ್ಲ, ನೆಲ ಇಳಿಜಾರು, ಮುರಕಲ್ಲು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ತಡೆಯುವವರಿಲ್ಲದಿದ್ದರೆ ಆಷಾಢದ ನೀರು ತೋಡು, ಹೊಳೆಗಳ ಹಾದಿ ಹಿಡಿದು ನೆಟ್ಟಗೆ ಉಪ್ಪಿಗೆ ಸೇರುತ್ತದೆ. ಅದನ್ನು ತಡೆಯುವುದಕ್ಕೆಂದೇ ನಮ್ಮ ಹಿರಿಯರು ಗುಡ್ಡದ ತಗ್ಗಿನಲ್ಲಿ ಮದಕ ಮಾಡಿದರು, ಬಯಲಿನಲ್ಲಿ ಪಳ್ಳ ತೋಡಿದರು, ಮಳೆ ನಿಂತ ಮೇಲೆ ತೋಡಿಗೆ ಮಣ್ಣು ಕಲ್ಲುಗಳ ಕಟ್ಟ ಹಾಕಿದರು, ಗದ್ದೆಗೆ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದರು. ಅಲ್ಲಿ ನಿಂತ ನೀರು ಕಾಣದಂತೆ ಇಳಿದು, ಬೇಸಗೆಯಲ್ಲಿ ಮನೆಮನೆಯ ಬಾವಿಯಲ್ಲಿ ಏಳುತ್ತಿತ್ತು. ಕೆರೆಯ ಕೆಲಸದಲ್ಲಿ ಅರ್ಧ ನೆಲದೊಳಗೆ ನಡೆಯುತ್ತದೆ. ಆ ಅರ್ಧವನ್ನು ಯಾವ ಪ್ರವಾಸಿಗನೂ ನೋಡಿಲ್ಲ, ನೋಡಲಾರ.

ಆ ಕೆಲಸ ನಿಂತರೆ ಏನಾಗುತ್ತದೆಂಬುದನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ, ನೆನಪಿಸಿಕೊಂಡರೆ ಸಾಕು. ೨೦೧೯ರ ಮೇ ತಿಂಗಳಲ್ಲಿ ಉಡುಪಿ ನಗರಕ್ಕೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿತು. ನಲ್ಲಿಗಳು ಸರದಿಯ ಮೇಲೆ ಬಂದವು. ಬೀದಿಬೀದಿಗೆ ಟ್ಯಾಂಕರು ಬಂತು. ಅದೇ ತಿಂಗಳು, ನೇತ್ರಾವತಿ ಸೊರಗಿದ್ದರಿಂದ, ಯಾತ್ರೆಯನ್ನು ಕೆಲವು ದಿನ ಮುಂದೂಡಿರೆಂದು ಧರ್ಮಸ್ಥಳದ ಧರ್ಮಾಧಿಕಾರಿಗಳೇ ಭಕ್ತರಲ್ಲಿ ಕೇಳಿಕೊಳ್ಳಬೇಕಾಯಿತು. ನಾಲ್ಕು ಸಾವಿರ ಮಿಲಿಮೀಟರು ಮಳೆಯ ನಾಡಿನಲ್ಲಿ, ಬರುವ ಅತಿಥಿಗೆ ಕುಡಿಯಲು ನೀರಿಲ್ಲವೆನ್ನುವ ದಿನ! ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೇನು ಬೇಕು? ಆದರೆ ಜೂನಿನಲ್ಲಿ ಮಳೆ ಬಂತು, ಜುಲೈಯಲ್ಲಿ ನಾವು ಮರೆತೆವು. ಕೆರೆಗಳು ತುಂಬಿದ್ದೇ ತಡ, ಮತ್ತೆ ಕಾರು ತೆಗೆದೆವು.

ಇನ್ನು ವರಂಗ. ಈಗ ಹೆಬ್ರಿ ತಾಲ್ಲೂಕಿಗೆ ಸೇರಿರುವ ಈ ಊರಿನ ಕೆರೆಬಸದಿಯ ಸೊಬಗಿನ ವಿಚಾರದಲ್ಲಿ ನನಗೂ ಎರಡು ಮಾತಿಲ್ಲ. ಸುತ್ತ ಹಸುರು, ಹಿಂದೆ ಘಟ್ಟದ ಸಾಲು, ನಡುನೀರಿನಲ್ಲಿ ನಾಲ್ಕು ದಿಕ್ಕಿಗೂ ತೆರೆದ ಪುಟ್ಟ ಬಸದಿ. ದೋಣಿಯಲ್ಲದೆ ಬೇರೆ ದಾರಿಯಿಲ್ಲ. ನಮ್ಮ ಮುಂದಿದ್ದ ತಂಡವೊಂದು ದೋಣಿ ಹತ್ತಿದ್ದರಿಂದ ಇಳಿಯುವವರೆಗೂ ಮೊಬೈಲಿನಲ್ಲಿ ಪಟ ತೆಗೆಯುತ್ತಲೇ ಇತ್ತು. ಬಸದಿಯೊಳಗಿನ ತೀರ್ಥಂಕರರನ್ನು ಅವರು ಕಂಡರೋ ಇಲ್ಲವೋ ನಾನು ಕಾಣೆ. ನನಗೆ ಹೊಳೆದದ್ದು ಬೇರೆ. ಕಟ್ಟಿದವರು ದೇವರನ್ನು ದಂಡೆಯ ಮೇಲಿಡದೆ ನೀರಿನ ನಡುವೆ ಏಕೆ ಇಟ್ಟರು? ಶಾಸ್ತ್ರಕಾರರು ಕೊಡುವ ಕಾರಣ ಏನೇ ಇರಲಿ, ಅದರ ಫಲವನ್ನು ಯಾರೂ ಕಾಣಬಹುದು. ಪೂಜೆ ನಡೆಯಬೇಕಾದರೆ ದೋಣಿ ತೇಲಬೇಕು. ದೋಣಿ ತೇಲಬೇಕಾದರೆ ನೀರಿರಬೇಕು. ನೀರಿರಬೇಕಾದರೆ ಊರು ಕೆರೆಯನ್ನು ನೋಡಿಕೊಳ್ಳಬೇಕು. ಅಲ್ಲಿ ಚೆಲುವು ಹೊಣೆಗಾರಿಕೆಯ ಜೊತೆಯಲ್ಲಿ ಬಂದಿದೆ. ನಾವು ಚೆಲುವನ್ನು ಮಾತ್ರ ಜೇಬಿಗಿಳಿಸಿ ಹೊಣೆಯನ್ನು ದೋಣಿಯವನಿಗೆ ಬಿಟ್ಟು ಬರುತ್ತೇವೆ.

ಬೆಳ್ಮಣ್ಣು, ಶಿರ್ವಗಳ ಮೇಲೆ ಕಾಪುವಿಗೆ ಬರುವಾಗ ಕಾರಿನೊಳಗೆ ವಾದವೇ ನಡೆಯಿತು. ಎಂಜಿನಿಯರರಾದ ಗೆಳೆಯರ ಪಕ್ಷ ಇದು: ಜನ ನೋಡದೆ ಪ್ರೀತಿ ಹುಟ್ಟದು, ಪ್ರವಾಸಿಗರು ಬಂದರೆ ಸರಕಾರ ಹಣ ಕೊಡುತ್ತದೆ, ಹಣ ಬಂದರೆ ಕೆರೆ ಅಭಿವೃದ್ಧಿಯಾಗುತ್ತದೆ, ಮಾಷ್ಟ್ರು ಸುಮ್ಮನೆ ರಸಭಂಗ ಮಾಡುತ್ತಾರೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಕಣ್ಣಿಗೆ ಬೀಳದ ಮದಕಗಳು ಎಷ್ಟೋ ಸದ್ದಿಲ್ಲದೆ ಮುಚ್ಚಿಹೋಗಿವೆ. ಹತ್ತು ಜನ ಸುಳಿದಾಡುವ ಕೆರೆಗೆ ಅಷ್ಟು ಬೇಗ ಯಾರೂ ಮಣ್ಣು ಹಾಕರು. ಒಪ್ಪಿದೆ. ಆದರೆ ಆ ಅಭಿವೃದ್ಧಿ ಯಾವುದು? ನೋಟಕ್ಕಾಗಿ ಬಂದ ಹಣ ನೋಟಕ್ಕೇ ಖರ್ಚಾಗುತ್ತದೆ. ಸುತ್ತ ಕಲ್ಲಿನ ಗೋಡೆ, ನಡೆಯಲು ಇಟ್ಟಿಗೆಯ ದಾರಿ, ಬಣ್ಣದ ದೀಪ, ಒಂದು ಕಾರಂಜಿ, ಉದ್ಘಾಟನೆಯ ಫಲಕ. ಕೆರೆಗೆ ನೀರು ತರುವ ತೋಡಿನ ಗತಿಯೇನು? ಹೆಚ್ಚಿದ ನೀರು ಹರಿಯುವ ಕೋಡಿ ತೆರೆದಿದೆಯೋ? ಹೂಳು ಎಷ್ಟಿದೆ? ಯಾರ ಮನೆಯ ಕೊಳಚೆ ಒಳಗೆ ಬರುತ್ತಿದೆ? ಇವು ಯಾವುವೂ ಪಟದಲ್ಲಿ ಕಾಣುವುದಿಲ್ಲ. ಆದುದರಿಂದ ಅಂದಾಜುಪಟ್ಟಿಯಲ್ಲೂ ಕಾಣುವುದಿಲ್ಲ. ಬರುವ ದಾರಿಯೂ ಹೋಗುವ ದಾರಿಯೂ ಮುಚ್ಚಿದ ಕೆರೆಗೆ ಎಷ್ಟೇ ದೀಪ ಹಚ್ಚಿದರೂ ಅದು ದೊಡ್ಡದೊಂದು ತೊಟ್ಟಿಯೇ ಸರಿ.

ಇದು ನನ್ನ ಕುಕಲ್ಪನೆಯಲ್ಲ. ಬೆಂಗಳೂರಿನ ಬೆಳ್ಳಂದೂರನ್ನು ನೆನೆಯಿರಿ. ಕೆರೆ ಕಾಣುವ ಮನೆಗೆ ಅಲ್ಲಿ ಕಾಣದ ಮನೆಗಿಂತ ಹೆಚ್ಚು ಬೆಲೆ. ಕಿಟಕಿಯಿಂದ ಕೆರೆಯನ್ನು ನೋಡಿ ಸಂತೋಷಪಟ್ಟ ನಗರವೇ ತನ್ನ ಕೊಳಚೆಯನ್ನು ಅದರೊಳಕ್ಕೆ ಬಿಟ್ಟಿತು. ೨೦೧೫ರಲ್ಲಿ ಕೆರೆಯ ನೊರೆ ಉಕ್ಕಿ ರಸ್ತೆಗೆ ಬಂತು. ೨೦೧೭ರಲ್ಲಿ ಕೆರೆಯಲ್ಲಿ ಬೆಂಕಿಯೇ ಎದ್ದಿತು. ಅಲ್ಲಿ ನೋಡುವ ಕಣ್ಣುಗಳಿಗೇನೂ ಕೊರತೆಯಿರಲಿಲ್ಲ. ಅಜ್ಜನ ಹಾಗೆ ಕೆರೆಯ ನೀರನ್ನು ತನ್ನ ಬಾವಿಯ ಹಗ್ಗದಿಂದ ಅಳೆಯುವವರು ಮಾತ್ರ ಇಲ್ಲವಾಗಿದ್ದರು. ನಮ್ಮ ಜನಪದರು 'ಕೆರೆಗೆ ಹಾರ'ದಲ್ಲಿ, ನೀರು ಬಾರದ ಕೆರೆಗೆ ಮನೆಯ ಕಿರಿಸೊಸೆ ಭಾಗೀರಥಿಯನ್ನೇ ಬಲಿಕೊಟ್ಟ ಕಥೆ ಹೇಳಿದ್ದಾರೆ. ಆ ಕ್ರೌರ್ಯವನ್ನು ಮೆಚ್ಚುವವನು ಮನುಷ್ಯನಲ್ಲ. ಆದರೆ ಆ ಹಾಡು ಕಟ್ಟಿದವರಿಗೆ ಕೆರೆ ಎಂದರೆ ಜೀವನ್ಮರಣದ ಮಾತು ಎಂಬುದಂತೂ ಸ್ಪಷ್ಟ. ತರಗತಿಯಲ್ಲಿ ಆ ಪದ್ಯ ಹೇಳುವಾಗ ಏರಿ, ತೂಬು, ಕೋಡಿ ಎಂದರೇನೆಂದು ಕೇಳಿದರೆ ಇಂದಿನ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೆರೆಯ ಚಿತ್ರ ಅವರ ಮೊಬೈಲಿನಲ್ಲಿದೆ. ಕೆರೆಯ ಭಾಷೆ ನಾಲಗೆಯಿಂದ ಹೋಗಿದೆ.

ಕಾಪುವನ್ನು ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಬಂಡೆಯ ಮೇಲಿನ ದೀಪಸ್ತಂಭ ೧೯೦೧ರದು, ಕೆಳಗೆ ಜನಜಾತ್ರೆ. ಎಂಜಿನಿಯರರು ಅದನ್ನು ತೋರಿಸಿ, "ಇದನ್ನೂ ಕೆಲಸಕ್ಕೆಂದೇ ಕಟ್ಟಿದ್ದಲ್ವಾ ಮಾಷ್ಟ್ರೆ? ಈಗ ಜನ ನೋಡ್ಲಿಕ್ಕೆ ಬರ್ತಾರೆ. ಏನು ಕೆಟ್ಟಿತು?" ಎಂದರು. ಒಳ್ಳೆಯ ಪ್ರಶ್ನೆ, ನನ್ನ ವಾದಕ್ಕೆ ಬೇಕಾದ ಸಾಕ್ಷಿಯನ್ನು ಅವರೇ ಒದಗಿಸಿದರು. ದೀಪಸ್ತಂಭ ನೋಟದ ವಸ್ತುವಾದರೂ ಕೆಡದಿರುವುದಕ್ಕೆ ಕಾರಣ, ಪ್ರತಿ ರಾತ್ರಿಯೂ ಅದನ್ನು ಉರಿಸಬೇಕಾದ ಒಂದು ಇಲಾಖೆ ಇದೆ. ದೀಪ ಆರಿದರೆ ಉತ್ತರ ಹೇಳಬೇಕಾದವನೊಬ್ಬನಿದ್ದಾನೆ. ಕೆರೆ ಬತ್ತಿದರೆ ಉತ್ತರ ಹೇಳುವವನಾರು? ಪಂಚಾಯಿತಿ ಪುರಸಭೆಯತ್ತ, ಪುರಸಭೆ ಸಣ್ಣ ನೀರಾವರಿಯತ್ತ, ಅದು ಕಂದಾಯದತ್ತ ಬೆರಳು ತೋರಿಸುವುದು ನಮ್ಮ ರಾಜ್ಯದಲ್ಲಿ ಹಳೆಯ ಆಟ. ಕೆರೆಗಳ ಸಂರಕ್ಷಣೆಗೆಂದೇ ೨೦೧೪ರಲ್ಲಿ ಕಾಯಿದೆಯಾಗಿದೆ. ಆದರೆ ಕಾಯಿದೆಯನ್ನು ಹಿಡಿದು ಕೇಳುವವರಿಲ್ಲದಿದ್ದರೆ ಅದೂ ಹೂಳು ತುಂಬಿದ ಕೆರೆಯಂತೆಯೇ.

ಕೇಳಬೇಕಾದವರು ನಾವು. ಕಾರಿರುವವರು, ಅಕ್ಷರ ಬಲ್ಲವರು, ಅರ್ಜಿ ಬರೆಯಬಲ್ಲವರು, ಪತ್ರಿಕೆ ಓದುವವರು ನಾವೇ ಅಲ್ಲವೆ? ಆದುದರಿಂದ ಗೆಳೆಯರೊಡನೆ ಕೆರೆ ನೋಡಲು ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಹೋಗಿ, ಆದರೆ ಅಕ್ಟೋಬರಿನಲ್ಲಿ ಕಂಡ ಕೆರೆಯನ್ನು ಮೇ ತಿಂಗಳಲ್ಲಿ ಇನ್ನೊಮ್ಮೆ ಕಂಡು ಬನ್ನಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಹೂಳು ತೆಗೆದು ಎಷ್ಟು ವರ್ಷವಾಯಿತು, ಈ ಮೂರನ್ನು ಅಲ್ಲಿಯವರಲ್ಲಿ ವಿಚಾರಿಸಿ. ಉತ್ತರ ಸಿಕ್ಕದಿದ್ದರೆ ಸ್ಥಳೀಯ ಕಚೇರಿಗೆ ಒಂದು ಕಾಗದ ಬರೆಯಿರಿ. ದಂಡೆಯ ಫಲಕದಲ್ಲಿ ಅರಸನ ಹೆಸರು, ಶಾಸಕರ ಹೆಸರುಗಳೊಡನೆ, ಕೆರೆಗೆ ಸೇರುವ ತೋಡುಗಳ ನಕ್ಷೆ, ಪ್ರತಿ ಮೇ ತಿಂಗಳ ನೀರಿನ ಮಟ್ಟ, ಹೊಣೆಗಾರ ಅಧಿಕಾರಿಯ ಹುದ್ದೆ ಇವನ್ನೂ ಬರೆಯಿಸಿರೆಂದು ಒತ್ತಾಯಿಸಿ. ಇದಕ್ಕೆ ಕಾರಂಜಿಗಾಗುವಷ್ಟು ಖರ್ಚಾಗುವುದಿಲ್ಲ.

ಏಳುನೂರು ವರ್ಷಗಳಿಗೂ ಹಿಂದೆ ಯಾರೋ ತೋಡಿದರು, ಯಾರೋ ಮಣ್ಣು ಹೊತ್ತರು. ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ನೀರು ಮಾತ್ರ ಇಂದಿನವರೆಗೂ ಉಳಿದಿದೆ. ಅಂಥ ಕೆರೆಯ ಬಳಿಗೆ ಹೋಗುವಾಗ ನಾವು ಪ್ರವಾಸಿಗರೆಂದು ಬೀಗುವ ಹಾಗಿಲ್ಲ. ನಾವು ಅದರ ಸಾಲಗಾರರು. ಅಸಲು ಒತ್ತಟ್ಟಿಗಿರಲಿ, ಬಡ್ಡಿಯನ್ನಾದರೂ ಕಟ್ಟಲು ಮನಸ್ಸು ಮಾಡಬೇಕು.